ಪರ್ಸೋನಾ 5 ರಾಯಲ್‌ನ ಗುಟ್ಟಿನ ಎಂಡಿಂಗ್ ಯಾಕೆ ಕೈತಪ್ಪುತ್ತದೆ?

ಪರ್ಸೋನಾ 5 ರಾಯಲ್ ಅನ್ನುವ ಜಪಾನಿ ವಿಡಿಯೋ ಗೇಮ್ ಆಡಿ ಮುಗಿಸಿದ ಎಷ್ಟೋ ಜನರಿಗೆ ತಾವು ನೋಡಿದ್ದು ಕಥೆಯ ನಿಜವಾದ ಕೊನೆ ಅಲ್ಲ ಅನ್ನುವುದೇ ಗೊತ್ತಿರುವುದಿಲ್ಲ. ನೂರು ಗಂಟೆ ಆಡಿರುತ್ತಾರೆ. ಕ್ರಿಸ್ಮಸ್ ಹಿಂದಿನ ದಿನ ಕೊನೆಯ ದೊಡ್ಡ ಶತ್ರುವನ್ನು ಸೋಲಿಸಿರುತ್ತಾರೆ. ಗೆಳೆಯರೆಲ್ಲ ಸೇರಿ ಹೀರೋನನ್ನು ಗಾಡಿಯಲ್ಲಿ ಕೂರಿಸಿಕೊಂಡು ಊರಿಗೆ ಬಿಡಲು ಹೊರಡುವ ದೃಶ್ಯ ನೋಡಿ, ಕ್ರೆಡಿಟ್ಸ್ ಕೂಡ ಪೂರ್ತಿ ನೋಡಿ, ತೃಪ್ತಿಯಿಂದ ಕಂಟ್ರೋಲರ್ ಕೆಳಗಿಟ್ಟಿರುತ್ತಾರೆ. ಆಮೇಲೆ ಯಾರೋ ಕೇಳುತ್ತಾರೆ, ಮೂರನೇ ಸೆಮಿಸ್ಟರ್ ಹೇಗನ್ನಿಸಿತು ಅಂತ. ಯಾವ ಮೂರನೇ ಸೆಮಿಸ್ಟರ್?

ಆಗ ಬರುವ ಸಿಟ್ಟು ಸಣ್ಣದಲ್ಲ. ಹೊಸ ಅರಮನೆ (ಶತ್ರುಗಳ ಜೊತೆ ಹೊಡೆದಾಡುತ್ತಾ ದಾಟಬೇಕಾದ ಜಾಗ), ಹೊಸ ಕೊನೆಯ ಶತ್ರು, ಗೆಳೆಯರಿಗೆ ಸಿಗುವ ಹೊಸ ಶಕ್ತಿಗಳು, ಇಡೀ ಗೇಮ್‌ನಲ್ಲೇ ಚೆಂದವಾಗಿ ಬರೆದ ಭಾಗ, ಎಲ್ಲವೂ ಆ ಮೂರನೇ ಸೆಮಿಸ್ಟರ್‌ನಲ್ಲಿ, ಅಂದರೆ ಜನವರಿಯಿಂದ ಮುಂದಿನ ಶಾಲಾ ಅವಧಿಯ ಕಥೆಯಲ್ಲಿದೆ. ಅದು ಸಿಗಬೇಕಾದರೆ ಗೇಮ್‌ನೊಳಗಿನ ನವೆಂಬರ್‌ನಲ್ಲೇ ಒಂದು ಕೆಲಸ ಮುಗಿದಿರಬೇಕಿತ್ತು. ಅದನ್ನು ಗೇಮ್ ನೇರವಾಗಿ ಹೇಳುವುದೇ ಇಲ್ಲ. ಹಿಂದಿನ ಸೇವ್ ಇಟ್ಟುಕೊಂಡಿಲ್ಲದಿದ್ದರೆ ಮತ್ತೆ ಮೊದಲಿಂದ ಆಡುವುದೊಂದೇ ದಾರಿ.

ಇದು ಯಾಕೆ ಹೀಗಾಗುತ್ತದೆ, ಒಳಗೆ ಲೆಕ್ಕ ಹೇಗೆ ನಡೆಯುತ್ತದೆ, ಎಲ್ಲಿ ಎಚ್ಚರ ಇರಬೇಕು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಗೇಮ್ ಇನ್ನೂ ಆಡದವರಿಗೆ ಒಂದು ಮಾತು: ಕಥೆಯ ತಿರುವುಗಳನ್ನು ಆದಷ್ಟು ಮುಚ್ಚಿಟ್ಟೇ ಬರೆದಿದ್ದೇನೆ. ಆದರೆ ಷರತ್ತುಗಳನ್ನು ವಿವರಿಸುವಾಗ ಅಲ್ಲಲ್ಲಿ ಕಥೆಯ ಎಳೆ ಹೊರಗೆ ಬಂದೇ ಬರುತ್ತದೆ.

ಮೊದಲು ಹಿನ್ನೆಲೆ. ಪರ್ಸೋನಾ 5 ಜಪಾನಿನಲ್ಲಿ ಬಂದದ್ದು 2016ರಲ್ಲಿ. ಅದನ್ನೇ ಹಿಗ್ಗಿಸಿದ ರಾಯಲ್ ಆವೃತ್ತಿ ಅಲ್ಲಿ 2019ರ ಅಕ್ಟೋಬರ್‌ನಲ್ಲಿ, ಉಳಿದ ದೇಶಗಳಲ್ಲಿ 2020ರ ಮಾರ್ಚ್‌ನಲ್ಲಿ ಬಂತು. 2022ರಲ್ಲಿ ಪಿಸಿ, ಸ್ವಿಚ್, ಎಕ್ಸ್‌ಬಾಕ್ಸ್‌ಗೂ ಬಂದ ಮೇಲೆ ಆಡುವವರು ಇನ್ನೂ ಜಾಸ್ತಿಯಾದರು. ಇದರಲ್ಲಿ ನೀವು ಟೋಕಿಯೋದ ಒಬ್ಬ ಹೈಸ್ಕೂಲ್ ಹುಡುಗ. ಲೆಬ್ಲಾಂಕ್ ಅನ್ನುವ ಸಣ್ಣ ಕಾಫಿ ಅಂಗಡಿಯ ಅಟ್ಟದಲ್ಲಿ ನಿಮ್ಮ ವಾಸ. ಕಥೆ ಏಪ್ರಿಲ್‌ನಲ್ಲಿ ಶುರುವಾಗಿ ಕ್ಯಾಲೆಂಡರ್ ಪ್ರಕಾರ ಒಂದೊಂದೇ ದಿನ ಮುಂದೆ ಹೋಗುತ್ತದೆ. ಶಾಲೆ ಬಿಟ್ಟ ಮೇಲೆ ಒಂದು ಕೆಲಸ, ರಾತ್ರಿ ಒಂದು ಕೆಲಸ. ಸಾಮಾನ್ಯವಾಗಿ ಒಂದು ದಿನಕ್ಕೆ ಅಷ್ಟೇ.

ಆ ಎರಡು ಹೊತ್ತಿನಲ್ಲಿ ಏನು ಮಾಡುತ್ತೀರಿ ಅನ್ನುವುದೇ ಗೇಮ್. ಓದಬಹುದು. ಅಂಗಡಿ ಎದುರಿನ ಸ್ನಾನದ ಮನೆಗೆ ಹೋಗಿ ಆಕರ್ಷಣೆ ಹೆಚ್ಚಿಸಿಕೊಳ್ಳಬಹುದು. ಪಾರ್ಟ್ ಟೈಮ್ ಕೆಲಸ ಮಾಡಬಹುದು. ಅರಮನೆಗಳಿಗೆ ನುಗ್ಗಿ ಹೊಡೆದಾಡಬಹುದು. ಅಥವಾ ಯಾರ ಜೊತೆಗಾದರೂ ಹೊತ್ತು ಕಳೆಯಬಹುದು. ಹೀಗೆ ಜೊತೆಯಾಗುವವರಿಗೆ ಗೇಮ್ ಕಾನ್ಫಿಡಾಂಟ್ ಅನ್ನುತ್ತದೆ. ಇಪ್ಪತ್ತಕ್ಕೂ ಹೆಚ್ಚು ಜನ ಇದ್ದಾರೆ. ಡಾಕ್ಟರ್, ಪತ್ರಕರ್ತೆ, ಭವಿಷ್ಯ ಹೇಳುವವಳು, ಶೋಗಿ (ಜಪಾನಿ ಚದುರಂಗ) ಆಡುವವಳು, ರಾಜಕಾರಣಿ, ಹೀಗೆ. ಪ್ರತಿಯೊಬ್ಬರ ಜೊತೆಗಿನ ಸ್ನೇಹಕ್ಕೂ ಒಂದರಿಂದ ಹತ್ತರವರೆಗೆ ರ‍್ಯಾಂಕ್. ಎಲ್ಲರೂ ಬೇಕು ಅನ್ನಿಸುತ್ತದೆ, ದಿನಗಳು ಮಾತ್ರ ಸಾಲುವುದಿಲ್ಲ. ಮೊದಲ ಸಲ ಆಡುವವರು ಕಣ್ಣಿಗೆ ಚೆಂದ ಕಂಡವರ ಹಿಂದೆ, ಉಪಯೋಗಕ್ಕೆ ಬಂದವರ ಹಿಂದೆ ಹೋಗುವುದು ಸಹಜ ಅಲ್ವಾ?

ರಾಯಲ್‌ನ ಗುಟ್ಟು ನಿಂತಿರುವುದು ಈ ಗುಂಪಿನ ಮೂರು ಜನರ ಮೇಲೆ.

ಮೊದಲನೆಯವರು ತಕುತೋ ಮಾರುಕಿ. ಶಾಲೆಗೆ ಹೊಸದಾಗಿ ಬರುವ ಕೌನ್ಸೆಲರ್, ಮೆತ್ತಗಿನ ಮಾತಿನ ಮನುಷ್ಯ. ನವೆಂಬರ್ 18ರ ಒಳಗೆ ಇವರ ಜೊತೆ ರ‍್ಯಾಂಕ್ 9 ಮುಟ್ಟಿರಬೇಕು. ಮುಟ್ಟಿದರೆ ಜನವರಿಯಲ್ಲಿ ಮೂರನೇ ಸೆಮಿಸ್ಟರ್ ತೆರೆಯುತ್ತದೆ. ಮುಟ್ಟದಿದ್ದರೆ ತೆರೆಯುವುದಿಲ್ಲ. ಎಂಟರಲ್ಲಿ ನಿಂತರೂ ಅಷ್ಟೇ, ಎರಡರಲ್ಲಿ ನಿಂತರೂ ಅಷ್ಟೇ.

ಎರಡನೆಯವನು ಗೊರೋ ಅಕೆಚಿ, ಟಿವಿಯಲ್ಲಿ ಹೆಸರು ಮಾಡಿದ ಹುಡುಗ ಪತ್ತೇದಾರ. ನವೆಂಬರ್ 24ರ ಒಳಗೆ ರ‍್ಯಾಂಕ್ 8. ಇವನ ಲೆಕ್ಕ ತಪ್ಪಿದರೆ ಮೂರನೇ ಸೆಮಿಸ್ಟರ್ ಸಿಕ್ಕರೂ ಕಟ್ಟಕಡೆಯಲ್ಲಿ ಬರುವ ಒಂದು ಪುಟ್ಟ ದೃಶ್ಯ ಕೈತಪ್ಪುತ್ತದೆ. ಅಭಿಮಾನಿಗಳು ಅದನ್ನೇ ನಿಜವಾದ ಎಂಡಿಂಗ್ ಅಂತ ಕರೆಯುವುದು. ಮೂರನೆಯವಳು ಕಸುಮಿ ಯೊಶಿಝಾವಾ, ಜಿಮ್ನಾಸ್ಟಿಕ್ಸ್ ಹುಡುಗಿ. ಡಿಸೆಂಬರ್ 18ರ ಒಳಗೆ ರ‍್ಯಾಂಕ್ 5 ಮಾಡಿಕೊಂಡರೆ ಜನವರಿಯಲ್ಲಿ ಅವಳ ಕಥೆ ಹತ್ತರವರೆಗೆ ಮುಂದುವರಿಯುತ್ತದೆ.

ಮೂರು ಹೆಸರು, ಮೂರು ದಿನಾಂಕ. ಮೊದಲೇ ಗೊತ್ತಿದ್ದರೆ ಇದು ಕಷ್ಟವೇ ಅಲ್ಲ. ಮಾರುಕಿಯನ್ನು ಬೇಸಿಗೆ ರಜೆ ಮುಗಿದ ಮೇಲೂ ಬಿಡದೆ ನೋಡುತ್ತಿದ್ದರೆ ಒಂಬತ್ತು ಮುಟ್ಟುವುದು ದೊಡ್ಡ ಸಾಹಸವೇನಲ್ಲ. ಹಾಗಾದರೆ ಇಷ್ಟು ಜನ ತಪ್ಪಿಸಿಕೊಳ್ಳುವುದು ಯಾಕೆ?

ಒಳಗಿನ ಲೆಕ್ಕ ನೋಡಿದರೆ ಅರ್ಥವಾಗುತ್ತದೆ. ಯಾವುದೇ ಗೇಮ್‌ನ ಗುಟ್ಟಿನ ಎಂಡಿಂಗ್ ಹಿಂದೆ ಇರುವುದು ತುಂಬ ಸರಳವಾದ ವಸ್ತುಗಳು. ಒಂದು, ಫ್ಲ್ಯಾಗ್. ಒಂದು ಕೆಲಸ ಆಗಿದೆಯೋ ಇಲ್ಲವೋ ಅಂತ ಗೇಮ್ ನೆನಪಿಟ್ಟುಕೊಳ್ಳುವ ಗುರುತು ಅದು. ಆಗಿದ್ದರೆ 1, ಇಲ್ಲದಿದ್ದರೆ 0. ಇನ್ನೊಂದು, ಕೌಂಟರ್. ನೀವು ಮಾಡಿದ್ದಕ್ಕೆಲ್ಲ ಅಂಕ ಕೂಡುತ್ತಾ ಹೋಗುತ್ತದೆ, ಒಂದು ಮಿತಿ ದಾಟಿದರೆ ಮುಂದಿನ ಹಂತ. ಕೊನೆಯದು ತಪಾಸಣೆ. ಕಥೆಯ ಒಂದು ನಿರ್ದಿಷ್ಟ ಗಳಿಗೆಯಲ್ಲಿ ಗೇಮ್ ಒಂದೇ ಒಂದು ಸಲ ಈ ಗುರುತುಗಳನ್ನೂ ಅಂಕಗಳನ್ನೂ ನೋಡುತ್ತದೆ. ಸರಿ ಇದ್ದರೆ ಈ ದಾರಿ, ಇಲ್ಲದಿದ್ದರೆ ಆ ದಾರಿ. ಆ ಗಳಿಗೆ ದಾಟಿದ ಮೇಲೆ ಅಂಕ ಎಷ್ಟಿದ್ದರೂ ಗೇಮ್ ತಿರುಗಿ ನೋಡುವುದಿಲ್ಲ.

ರಾಯಲ್‌ನಲ್ಲಿ ಕೌಂಟರ್ ಕೆಲಸ ಮಾಡುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮಾರುಕಿ ಶಾಲೆಯ ನರ್ಸ್ ಕೋಣೆಯಲ್ಲಿ ಸಿಗುತ್ತಾರೆ, ಅದೂ ಎಲ್ಲ ದಿನ ಅಲ್ಲ. ಮಾತಾಡುವಾಗ ನಿಮ್ಮ ಉತ್ತರ ಅವರಿಗೆ ಹಿಡಿಸಿದರೆ ಸಂಗೀತದ ಚಿಹ್ನೆಗಳು ಮೂಡಿ ಹೋಗುತ್ತವೆ. ಒಂದು ಚಿಹ್ನೆ ಅಂದರೆ ಸ್ವಲ್ಪ ಅಂಕ, ಮೂರು ಅಂದರೆ ಜಾಸ್ತಿ ಅಂಕ. ನಿಮ್ಮ ಪರವಾಗಿ ಹೋರಾಡುವ ಪರ್ಸೋನಾ ಅನ್ನುವ ಶಕ್ತಿರೂಪಗಳಿಗೆ ಟ್ಯಾರೋ ಕಾರ್ಡಿನ ಹೆಸರಿನ ಗುಂಪುಗಳಿವೆ, ಅವೇ ಆರ್ಕಾನಾ; ಅವರಿಗೆ ಸೇರಿದ ಆರ್ಕಾನಾದ ಪರ್ಸೋನಾ ನಿಮ್ಮ ಹತ್ತಿರ ಇದ್ದರೆ ಅಂಕ ಇನ್ನೂ ಬೇಗ ಕೂಡುತ್ತದೆ. ಮಿತಿ ಮುಟ್ಟಿದ್ದರೆ ಮುಂದಿನ ಭೇಟಿಯಲ್ಲಿ ರ‍್ಯಾಂಕ್ ಏರುತ್ತದೆ. ಮುಟ್ಟದಿದ್ದರೆ ಆ ಇಡೀ ಮಧ್ಯಾಹ್ನ ಸುಮ್ನೆ ಹರಟೆಯಲ್ಲಿ ಹೋಗುತ್ತದೆ. ಅಂಕ ಕೂಡುತ್ತದೆ, ರ‍್ಯಾಂಕ್ ಏರುವುದಿಲ್ಲ. ದಿನ ಹೋಯಿತು.

ಅಕೆಚಿಯದು ಇನ್ನೂ ಬಿಗಿ. ನಿಮ್ಮ ಜ್ಞಾನ, ಆಕರ್ಷಣೆ ಎರಡೂ ಒಂದು ಮಟ್ಟಕ್ಕೆ ಬರದೆ ಅವನ ಕೆಲವು ರ‍್ಯಾಂಕ್‌ಗಳು ತೆರೆಯುವುದೇ ಇಲ್ಲ. ಕ್ಲಾಸಿನಲ್ಲಿ ಮೇಷ್ಟ್ರು ಕೇಳುವ ಪ್ರಶ್ನೆಗೆ ಸರಿ ಉತ್ತರ ಕೊಡುವುದು, ಪರೀಕ್ಷೆಯಲ್ಲಿ ಮೊದಲ ಸಾಲಿಗೆ ಬರುವುದು, ಇಂಥ ಸಣ್ಣ ಸಣ್ಣ ಕೆಲಸಗಳನ್ನು ಮೇ, ಜೂನ್ ತಿಂಗಳಿಂದಲೇ ಮಾಡಿರಬೇಕು. ಅಂದರೆ ನವೆಂಬರ್‌ನ ಗಡಿಯ ಬೇರು ಮೇ ತಿಂಗಳಲ್ಲೇ ಇದೆ.

ಇಲ್ಲೇ 2016ರ ಗೇಮ್ ಆಡಿದವರು ಎಡವುವುದು. ಹಳೆಯ ಪರ್ಸೋನಾ 5ರಲ್ಲಿ ಅಕೆಚಿಯ ರ‍್ಯಾಂಕ್ ಕಥೆಯ ಜೊತೆಗೇ ತಾನಾಗಿ ಏರುತ್ತಿತ್ತು. ನಾವು ಏನೂ ಮಾಡಬೇಕಾಗಿರಲಿಲ್ಲ. ಹಾಗಾಗಿ ಹಳಬರು ರಾಯಲ್‌ಗೆ ಬಂದಾಗ ಅವನನ್ನು ಪಕ್ಕಕ್ಕಿಟ್ಟು, ಇವನದು ಹೇಗೂ ಆಗುತ್ತದೆ ಅಂದುಕೊಂಡು ಬೇರೆಯವರ ಕಡೆ ದಿನ ಖರ್ಚು ಮಾಡುತ್ತಾರೆ. ಅನುಭವ ಇದ್ದವರಿಗೇ ಹೆಚ್ಚು ಪೆಟ್ಟು. ಹಳೆಯ ಗೇಮ್ ಕಲಿಸಿದ ಪಾಠವನ್ನು ಹೊಸ ಗೇಮ್ ಸದ್ದಿಲ್ಲದೆ ಬದಲಾಯಿಸಿಬಿಟ್ಟಿದೆ.

ಇನ್ನೊಂದು ಕಾರಣವೂ ಇದೆ, ನನ್ನ ಪ್ರಕಾರ ಅದೇ ದೊಡ್ಡದು. ಗುಟ್ಟು ಸಿಗದವರಿಗೆ ಸಿಗುವುದು ಅರ್ಧಂಬರ್ಧ ಕೊನೆಯಲ್ಲ. ಅದು 2016ರ ಗೇಮ್‌ನ ಪೂರ್ತಿ ಎಂಡಿಂಗ್. ಡಿಸೆಂಬರ್ 24ರ ಯುದ್ಧ, ಹೀರೋ ತಾನಾಗಿ ಪೊಲೀಸರಿಗೆ ಶರಣಾಗುವುದು, ಗೆಳೆಯರು ಓಡಾಡಿ ಅವನನ್ನು ಬಿಡಿಸುವುದು, ಮಾರ್ಚ್‌ನಲ್ಲಿ ಬೀಳ್ಕೊಡುಗೆ. ಎಲ್ಲ ಎಳೆಯೂ ಕೂಡಿಕೊಂಡಿದೆ. ಗೇಮ್ ಓವರ್ ಅಂತ ಕೆಂಪು ಅಕ್ಷರ ಇಲ್ಲ, ನೀವು ಏನನ್ನೋ ಬಿಟ್ಟಿದ್ದೀರಿ ಅನ್ನುವ ಸುಳಿವೂ ಇಲ್ಲ. ಒಳ್ಳೆಯ ಕೊನೆ ನೋಡಿದವನು ಕಳೆದುಕೊಂಡದ್ದನ್ನು ಯಾಕೆ ಹುಡುಕುತ್ತಾನೆ?

ಕಷ್ಟದ ಬಾಸ್ (ದೊಡ್ಡ ಶತ್ರು) ಎದುರು ಇಪ್ಪತ್ತು ಸಲ ಸೋತರೂ ಜನ ಇಷ್ಟು ಬೇಸರ ಪಡುವುದಿಲ್ಲ. ಅಲ್ಲಿ ಸೋತ ಕ್ಷಣವೇ ಸೋಲು ಗೊತ್ತಾಗುತ್ತದೆ. ಎಲ್ಲಿ ತಪ್ಪಿದೆ ಅಂತ ಕಾಣುತ್ತದೆ, ತಿದ್ದಿಕೊಂಡು ಮತ್ತೆ ಹೋಗಬಹುದು. ಇಲ್ಲಿ ನವೆಂಬರ್‌ನ ಒಂದು ಸಾಧಾರಣ ಮಧ್ಯಾಹ್ನ ನೀವು ನರ್ಸ್ ಕೋಣೆಗೆ ಹೋಗದೆ ಬೇಸ್‌ಬಾಲ್ ಬ್ಯಾಟಿಂಗ್ ಆಡಲು ಹೋದದ್ದಕ್ಕೆ ಫಲ ಬರುವುದು ಹತ್ತಾರು ಗಂಟೆ ಆಟ ಕಳೆದ ಮೇಲೆ. ಕಾರಣಕ್ಕೂ ಫಲಕ್ಕೂ ನಡುವೆ ಅಷ್ಟು ದೂರ ಇದ್ದರೆ ಆಟಗಾರನಿಗೆ ಕಲಿಯಲು ಏನೂ ಉಳಿಯುವುದಿಲ್ಲ. ಅದಕ್ಕೇ ಇದು ಸೋಲು ಅನ್ನಿಸುವುದಿಲ್ಲ, ಮೋಸ ಅನ್ನಿಸುತ್ತದೆ.

ಹಾಗಂತ ಷರತ್ತೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಮೂರನೇ ಸೆಮಿಸ್ಟರ್ ಆಡಿದವರಿಗೆ ಗೊತ್ತಿರುತ್ತದೆ, ಆ ಭಾಗ ಪೂರ್ತಿ ಮಾರುಕಿಯ ಕಥೆ. ಜನರ ನೋವನ್ನೇ ಅಳಿಸಿಬಿಡಬೇಕು ಅನ್ನುವುದು ಅವರ ಹಂಬಲ. ಆ ಬಗ್ಗೆ ಅವರು ನಡೆಸುತ್ತಿರುವ ಸಂಶೋಧನೆ ಬೆಳೆಯುವುದೇ ಹೀರೋ ಜೊತೆಗಿನ ಮಾತುಕತೆಗಳಲ್ಲಿ. ನೀವು ಕೂತು ಅವರ ಮಾತು ಕೇಳಿದರೆ, ಅವರು ಕೇಳಿದ್ದಕ್ಕೆ ನಿಮಗೆ ತೋಚಿದ್ದು ಹೇಳಿದರೆ, ಆ ಸಂಶೋಧನೆ ಮುಂದೆ ಹೋಗುತ್ತದೆ. ಕೇಳದಿದ್ದರೆ ಅವರು ಶಾಲೆ ಬಿಟ್ಟು ಹೋದ ಒಬ್ಬ ಕೌನ್ಸೆಲರ್ ಅಷ್ಟೇ. ಅಂದರೆ ರ‍್ಯಾಂಕ್ 9 ಅನ್ನುವುದು ಸುಮ್ನೆ ಇಟ್ಟ ಸಂಖ್ಯೆಯಲ್ಲ. ಅದು ಕಥೆಗೆ ಸರಿಯಾಗಿ ಹೊಂದುತ್ತದೆ. ಜನವರಿಯ ಟೋಕಿಯೋದಲ್ಲಿ ಎಲ್ಲರ ಆಸೆಯೂ ಈಡೇರಿರುವುದನ್ನು ನೋಡುವಾಗ, ಇದಕ್ಕೆ ನಾನೂ ಕೈ ಹಾಕಿದ್ದೇನೆ ಅನ್ನುವ ಅಳುಕು ಆಟಗಾರನಿಗೆ ಬರುತ್ತದೆ. ಅಷ್ಟು ಒಳ್ಳೆಯ ಯೋಚನೆ ಅದು.

ಅಕೆಚಿಯ ರ‍್ಯಾಂಕ್ 8 ಕೂಡ ಹಾಗೇ. ಆ ಹಂತದಲ್ಲಿ ಅವನು ಹೀರೋ ಜೊತೆ ಒಬ್ಬನೇ ಸೆಣಸಿ, ಕೊನೆಗೆ ತನ್ನ ಕೈಗವಸು ತೆಗೆದು ಎಸೆಯುತ್ತಾನೆ. ನಿನ್ನನ್ನು ದ್ವೇಷಿಸುತ್ತೇನೆ ಅನ್ನುತ್ತಾನೆ. ಇಡೀ ಗೇಮ್‌ನಲ್ಲಿ ಅವನು ಮುಖವಾಡ ತೆಗೆದು ಮಾತಾಡುವ ಜಾಗಗಳಲ್ಲಿ ಅದು ಒಂದು. ಅದನ್ನು ನೋಡದವರಿಗೆ ಕೊನೆಯ ದೃಶ್ಯ ತೋರಿಸಿದರೂ ಅರ್ಥ ಅಷ್ಟು ಆಳಕ್ಕೆ ಇಳಿಯುವುದಿಲ್ಲ.

ಹಾಗಾಗಿ ನನ್ನ ತಕರಾರು ಒಂದೇ. ಗುಟ್ಟು ಗುಟ್ಟಾಗಿಯೇ ಇರಲಿ, ಆದರೆ ಬಾಗಿಲು ಮುಚ್ಚುವಾಗ ಸದ್ದು ಕೇಳಿಸಬೇಕು. ಮಾರುಕಿ ಶಾಲೆ ಬಿಟ್ಟು ಹೊರಡುವ ಒಂದು ವಾರ ಮೊದಲೇ, ನಿನ್ನ ಹತ್ತಿರ ಇನ್ನೂ ಮಾತಾಡುವುದಿದೆ ಅಂತ ಒಂದು ಮೆಸೇಜ್ ಕಳಿಸಿದ್ದರೆ ಸಾಕಿತ್ತು. ಕಥೆಯೂ ಕೆಡುತ್ತಿರಲಿಲ್ಲ, ಗುಟ್ಟೂ ಬಯಲಾಗುತ್ತಿರಲಿಲ್ಲ. ಅವರು ಶಾಲೆಯಲ್ಲಿ ಇರುವುದು ಸ್ವಲ್ಪ ದಿನ ಮಾತ್ರ ಅನ್ನುವ ಸೂಚನೆ ಕಥೆಯಲ್ಲಿದೆ, ನಿಜ. ಆದರೆ ಒಂಬತ್ತು ಅನ್ನುವ ಮಟ್ಟಕ್ಕೂ ಮುಂದಿನ ಇಡೀ ಅಧ್ಯಾಯಕ್ಕೂ ನಂಟಿದೆ ಅನ್ನುವುದನ್ನು ಅಷ್ಟರಿಂದ ಯಾರು ಊಹಿಸುತ್ತಾರೆ?

ಬೇರೆ ಗೇಮ್‌ಗಳು ಇದನ್ನು ಹೇಗೆ ನಿಭಾಯಿಸಿವೆ?

ಸದ್ದು ಕೇಳಿಸುವ ಬಾಗಿಲಿಗೆ ಒಳ್ಳೆಯ ಉದಾಹರಣೆ 2022ರ ಎಲ್ಡನ್ ರಿಂಗ್. ಅದರಲ್ಲಿ ಹುಚ್ಚು ಬೆಂಕಿಯ ಒಡೆಯನಾಗುವ ಎಂಡಿಂಗ್ ಒಂದಿದೆ. ರಾಜಧಾನಿಯ ಅಡಿಯ ಚರಂಡಿಗಳಲ್ಲಿ ಇಳಿದು, ಇನ್ನೂ ಆಳಕ್ಕೆ ಹೋದರೆ ಆ ಬೆಂಕಿಯನ್ನು ಕೊಡುವ 'ಮೂರು ಬೆರಳುಗಳು' ಅನ್ನುವ ಜೀವಿಯ ಕೋಣೆ ಸಿಗುತ್ತದೆ. ಆದರೆ ಅಲ್ಲಿಗೆ ಮುಟ್ಟುವ ಮೊದಲೇ, ನಿಮ್ಮ ಜೊತೆಗಾತಿ ಮೆಲಿನಾ, ಬೇಡ, ಈ ಬೆಂಕಿಯನ್ನು ಮುಟ್ಟಬೇಡ ಅಂತ ಬೇಡಿಕೊಳ್ಳುತ್ತಾಳೆ. ಬಾಗಿಲು ತೆರೆಯಬೇಕಾದರೆ ಮೈಮೇಲಿನ ಕವಚವನ್ನೆಲ್ಲ ತೆಗೆದುಹಾಕಬೇಕು. ಗೊತ್ತಿಲ್ಲದೆ ಎಡವಿ ಒಳಗೆ ಬೀಳಲು ಸಾಧ್ಯವೇ ಇಲ್ಲ. ಅಷ್ಟಾದ ಮೇಲೂ ಮನಸ್ಸು ಬದಲಾದರೆ ದಾರಿ ಇದೆ. ಮಿಲಿಸೆಂಟ್ ಅನ್ನುವವಳ ಕಥೆಯನ್ನು ಕೊನೆಯವರೆಗೆ ನಡೆಸಿದರೆ ಒಂದು ಸೂಜಿ ಸಿಗುತ್ತದೆ, ಅದನ್ನು ಡ್ರ್ಯಾಗನ್ ದೊರೆ ಪ್ಲಾಸಿಡುಸಾಕ್ಸ್ ಇರುವ ಜಾಗದಲ್ಲಿ ಬಳಸಿದರೆ ಬೆಂಕಿಯ ಹಿಡಿತ ಬಿಡುತ್ತದೆ. ಮಿಲಿಸೆಂಟ್ ದಾರಿ ಉದ್ದ, ಸುಲಭವಾಗಿ ಸಿಗುವಂಥದ್ದಲ್ಲ. ಆದರೂ ವಾಪಸ್ ಬರುವ ದಾರಿ ಅಂತ ಒಂದು ಇದೆಯಲ್ಲ, ಅದೇ ದೊಡ್ಡ ವಿಷಯ.

ಪರ್ಸೋನಾ ಸರಣಿಯಲ್ಲೇ ಹಿಂದಿನ ಗೇಮ್ ನೋಡಿ. 2008ರ ಪರ್ಸೋನಾ 4ರಲ್ಲಿ ಡಿಸೆಂಬರ್ 3ರಂದು ಆಸ್ಪತ್ರೆಯ ಕೋಣೆಯಲ್ಲಿ ಒಂದು ದೃಶ್ಯ ಬರುತ್ತದೆ. ಕೊಲೆಗಾರ ಅಂತ ಎಲ್ಲರೂ ನಂಬಿದವನು ಎದುರಿಗಿದ್ದಾನೆ, ಗೆಳೆಯರ ರಕ್ತ ಕುದಿಯುತ್ತಿದೆ, ಅವನು ಸಾಯಲಿ ಅಂತ ಟಿವಿಯೊಳಗಿನ ಅಪಾಯದ ಲೋಕಕ್ಕೆ ತಳ್ಳಿಬಿಡೋಣ ಅನ್ನುತ್ತಿದ್ದಾರೆ. ನೀವು ಒಂದರ ಮೇಲೊಂದು ಉತ್ತರ ಆರಿಸಬೇಕು. ಎಲ್ಲರನ್ನೂ ತಡೆದು, ಏನೋ ಹೊಂದುತ್ತಿಲ್ಲ ಅಂತ ಪಟ್ಟು ಹಿಡಿದರೆ ಮಾತ್ರ ಕಥೆ ಮುಂದೆ ಹೋಗುತ್ತದೆ. ಒಂದು ಉತ್ತರ ತಪ್ಪಿದರೂ ಕೆಟ್ಟ ಎಂಡಿಂಗ್. ಕಷ್ಟದ್ದೇ. ಆದರೆ ಆ ಕೋಣೆಯಲ್ಲಿ ಏನೋ ದೊಡ್ಡದು ತೀರ್ಮಾನವಾಗುತ್ತಿದೆ ಅನ್ನುವುದು ಆಡುವವರಿಗೆ ಕಂಡೇ ಕಾಣುತ್ತದೆ. ತಪ್ಪಾದರೆ ಕೂಡಲೇ ಗೊತ್ತಾಗುತ್ತದೆ, ಹಿಂದಿನ ಸೇವ್‌ಗೆ ಹೋಗಬಹುದು.

ಅದೇ ಗೇಮ್‌ನ ಮಾರ್ಚ್ 20 ಮಾತ್ರ ರಾಯಲ್‌ನ ಹಾಗೇ ಕಾಡುತ್ತದೆ. ಊರು ಬಿಡುವ ಹಿಂದಿನ ದಿನ ಎಲ್ಲರಿಗೂ ವಿದಾಯ ಹೇಳುತ್ತೀರಿ, ಮನೆಗೆ ಹೋಗೋಣವಾ ಅಂತ ಗೇಮ್ ಕೇಳುತ್ತದೆ. ಹೂಂ ಅಂದರೆ ಕ್ರೆಡಿಟ್ಸ್. ಹೋಗದೆ ಜೂನೆಸ್ ಅಂಗಡಿಯ ಕಡೆ ತಿರುಗಿದರೆ ಮಾತ್ರ ಇಷ್ಟೆಲ್ಲದರ ಹಿಂದೆ ನಿಜವಾಗಿ ಇದ್ದವರು ಯಾರು ಅನ್ನುವುದು ಬಯಲಾಗುತ್ತದೆ. ಅಷ್ಟು ಹೊತ್ತಿಗೆ ಯಾರ ಮನಸ್ಸು ತಾನೇ ಮನೆಗೆ ಹೋಗುವುದು ಬೇಡ ಅನ್ನುತ್ತದೆ? ಆದರೆ ಇಲ್ಲಿ ನಷ್ಟ ಕಡಿಮೆ. ಅದೇ ದಿನದ ಸೇವ್ ಇದ್ದರೆ ಕೆಲವೇ ನಿಮಿಷದಲ್ಲಿ ಸರಿಪಡಿಸಬಹುದು. ರಾಯಲ್‌ನಲ್ಲಿ ತಿಂಗಳುಗಟ್ಟಲೆ ಹಿಂದಕ್ಕೆ ಹೋಗಬೇಕು.

ಇನ್ನು 2020ರ ಸೈಬರ್‌ಪಂಕ್ 2077. ಅದರ ಗುಟ್ಟಿನ ಎಂಡಿಂಗ್‌ನಲ್ಲಿ ನೀವು ಯಾರ ಸಹಾಯವೂ ಇಲ್ಲದೆ ಒಬ್ಬರೇ ಅರಸಾಕಾ ಅನ್ನುವ ದೊಡ್ಡ ಕಂಪನಿಯ ಕಟ್ಟಡಕ್ಕೆ ನುಗ್ಗುತ್ತೀರಿ. ಅದಕ್ಕೆ ನಿಮ್ಮ ತಲೆಯೊಳಗೆ ಕೂತಿರುವ, ಎಂದೋ ಸತ್ತ ರಾಕ್ ಗಾಯಕ ಜಾನಿ ಸಿಲ್ವರ್‌ಹ್ಯಾಂಡ್‌ನ ವಿಶ್ವಾಸ ಬೇಕು. ಮೆನುವಿನಲ್ಲಿ ಅದಕ್ಕೆ ಒಂದು ಶೇಕಡಾ ಸಂಖ್ಯೆ ಕಾಣುತ್ತದೆ, ಅದು 70 ಆಗಿರಬೇಕು ಅಂತ ಆಟಗಾರರು ಕಂಡುಕೊಂಡಿದ್ದಾರೆ. ಆ ಸಂಖ್ಯೆ ಏರುವುದು ಯಾವುದರಿಂದ ಅಂತ ಗೇಮ್ ವಿವರಿಸುವುದಿಲ್ಲ. ನಿರ್ಣಾಯಕವಾದದ್ದು ಎಣ್ಣೆ ಬಾವಿಗಳ ಬಯಲಿನಲ್ಲಿ, ಜಾನಿಯ ಹೆಣ ಹೂತ ಜಾಗದಲ್ಲಿ ನಡೆಯುವ ಮಾತು. ಅಲ್ಲಿ ಅವನನ್ನು ಸಮಾಧಾನ ಮಾಡುವ ಸಿಹಿ ಮಾತು ಆರಿಸಿದರೆ ಬಾಗಿಲು ಮುಚ್ಚುತ್ತದೆ. ನೀನು ಅದನ್ನೂ ಹಾಳು ಮಾಡಿದೆ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿ, ಆಮೇಲೆ ಇನ್ನೊಂದು ಅವಕಾಶ ಕೊಟ್ಟರೆ ತೆರೆಯುತ್ತದೆ. ಜಾನಿಯನ್ನು ಬಲ್ಲವರಿಗೆ ಇದು ಸರಿ ಅನ್ನಿಸುತ್ತದೆ, ಅವನಿಗೆ ಬೇಕಾದದ್ದು ಹೊಗಳಿಕೆಯಲ್ಲ. ಆದರೆ ಒಳ್ಳೆಯತನದಿಂದ ಮೆತ್ತಗೆ ಮಾತಾಡಿದ ಆಟಗಾರನಿಗೆ ಅದೇ ಶಿಕ್ಷೆಯಾಗುತ್ತದೆ.

ಕೊನೆಯ ಮೆಟ್ಟಿಲು ಇನ್ನೂ ವಿಚಿತ್ರ. ಮಿಸ್ಟಿ ಅನ್ನುವ ಪರಿಚಯದವಳ ಅಂಗಡಿಯ ಮೇಲಿನ ಟೆರೇಸ್‌ನಲ್ಲಿ ಯಾರ ಸಹಾಯ ಕೇಳಬೇಕು ಅಂತ ಆರಿಸುವ ಹೊತ್ತು ಬರುತ್ತದೆ. ಗುಟ್ಟು ಬೇಕಾದರೆ ಏನನ್ನೂ ಆರಿಸಬಾರದು. ಐದು ನಿಮಿಷದಷ್ಟು ಹೊತ್ತು ಸುಮ್ನೆ ಕೂರಬೇಕು. ನಿಮ್ಮ ಹಿಂಜರಿಕೆ ನೋಡಿ ಜಾನಿಯೇ ಬಾಯಿ ಬಿಡುತ್ತಾನೆ. ಬರೆದವರ ಕಲ್ಪನೆಗೆ ಶಭಾಷ್ ಅನ್ನಬೇಕು. ಆದರೆ ಎದುರಿಗೆ ಉತ್ತರಗಳ ಪಟ್ಟಿ ಹೊಳೆಯುತ್ತಿರುವಾಗ ಐದು ನಿಮಿಷ ಕೈ ಕಟ್ಟಿ ಕೂರುವುದು ಯಾರಿಗಾದರೂ ತಾನಾಗಿ ಹೊಳೆಯುವ ವಿಷಯವಾ? ಅಷ್ಟು ಕಷ್ಟಪಟ್ಟು ಒಳಗೆ ಹೋದ ಮೇಲೆ ಆ ದಾಳಿಯಲ್ಲಿ ಒಮ್ಮೆ ಸತ್ತರೆ ಚೆಕ್‌ಪಾಯಿಂಟ್ ಇಲ್ಲ, ಅಲ್ಲಿಗೇ ಕ್ರೆಡಿಟ್ಸ್ ಬರುತ್ತದೆ. ಮತ್ತೆ ಮಾಡಬೇಕಾದರೆ ಟೆರೇಸ್‌ನಿಂದಲೇ ಶುರು.

ಇದೆಲ್ಲ ಹೊಸದೇನಲ್ಲ. 1995ರ ಕ್ರೋನೋ ಟ್ರಿಗರ್‌ನಲ್ಲೇ ಹತ್ತಕ್ಕೂ ಹೆಚ್ಚು ಎಂಡಿಂಗ್ ಇದ್ದವು. ಆದರೆ ಅಲ್ಲಿ ಮುಗಿಸಿದ ಮೇಲೆ ಗಳಿಸಿದ ಬಲವನ್ನೆಲ್ಲ ಇಟ್ಟುಕೊಂಡು ಮತ್ತೆ ಶುರುಮಾಡಬಹುದಿತ್ತು, 'ಕಾಲದ ಕೊನೆ' ಅನ್ನುವ ಜಾಗದಲ್ಲಿರುವ ಒಂದು ಬಕೆಟ್ ಮೂಲಕ ನೇರವಾಗಿ ಕೊನೆಯ ಶತ್ರು ಲಾವೋಸ್ ಹತ್ತಿರ ಹೋಗಬಹುದಿತ್ತು. ಕಥೆಯ ಯಾವ ಹಂತದಲ್ಲಿ ಅವನನ್ನು ಸೋಲಿಸಿದಿರಿ ಅನ್ನುವುದರ ಮೇಲೆ ಕೊನೆ ಬದಲಾಗುತ್ತಿತ್ತು. ಇಪ್ಪತ್ತು ಗಂಟೆಯ ಆಸುಪಾಸಿನ ಗೇಮ್ ಅದು, ಮತ್ತೆ ಆಡುವುದೇ ಅದರ ಖುಷಿ. ನೂರು ಗಂಟೆಯ ಗೇಮ್‌ಗೆ ಅದೇ ಪದ್ಧತಿ ತಂದಾಗ ತೂಕ ಬದಲಾಗಿಬಿಡುತ್ತದೆ. ಇವತ್ತು ಕೆಲಸ, ಮನೆ, ಮಕ್ಕಳು ಅಂತ ಇರುವವರಿಗೆ ನೂರು ಗಂಟೆ ಅಂದರೆ ಅರ್ಧ ವರ್ಷದ ರಾತ್ರಿಗಳು. ಅದನ್ನು ಎರಡನೇ ಸಲ ಕೇಳುವ ಮೊದಲು ಗೇಮ್ ಮಾಡುವವರು ಯೋಚಿಸಬೇಕು.

ಹಾಗಾದರೆ ಆಡುವವರು ಏನು ಮಾಡಬಹುದು?

ಹಿಗ್ಗಿಸಿದ ಆವೃತ್ತಿ ಆಡುತ್ತಿದ್ದರೆ ಹೊಸದಾಗಿ ಸೇರಿಸಿದ ಪಾತ್ರ ಯಾವುದು ಅಂತ ಮೊದಲು ನೋಡಿ. ಗುಟ್ಟು ಬಹುಪಾಲು ಅವರ ಮೂಲಕವೇ ಹೋಗುತ್ತದೆ. ರಾಯಲ್‌ಗೆ ಹೊಸಬರು ಮಾರುಕಿ ಮತ್ತು ಕಸುಮಿ. 2012ರ ಪರ್ಸೋನಾ 4 ಗೋಲ್ಡನ್‌ಗೆ ಹೊಸಬಳು ಮರೀ, ಅವಳ ಸ್ನೇಹವನ್ನೂ ಡಿಸೆಂಬರ್ ಒಳಗೇ ತುದಿ ಮುಟ್ಟಿಸದಿದ್ದರೆ ಫೆಬ್ರವರಿಯ ಹೊಸ ಭಾಗ ಸಿಗುವುದಿಲ್ಲ. ಗೇಮ್ ಮಾಡುವವರು ಹೊಸ ಪಾತ್ರವನ್ನು ಅಲಂಕಾರಕ್ಕೆ ತರುವುದಿಲ್ಲ. ಈ ಒಂದು ಅಂದಾಜು ಇಟ್ಟುಕೊಂಡರೆ ಗೈಡ್ ತೆರೆಯದೆಯೂ ಅರ್ಧ ದಾರಿ ಸರಿಹೋಗುತ್ತದೆ.

ಗೈಡ್ ನೋಡುವುದು ನಾಚಿಕೆಯ ವಿಷಯ ಅಂತ ಕೆಲವರು ಅಂದುಕೊಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ನೂರು ಗಂಟೆ ಕೇಳುವ ಗೇಮ್ ತನ್ನ ಗಡುವುಗಳನ್ನು ಹೇಳದಿದ್ದರೆ ನಾವು ಹೊರಗೆ ಕೇಳಿ ತಿಳಿದುಕೊಳ್ಳುವುದು ನ್ಯಾಯವೇ. ದಿನಾಂಕ ಮತ್ತು ರ‍್ಯಾಂಕ್ ಮಾತ್ರ ನೋಡಿ, ಕಥೆ ಓದಬೇಡಿ. ಯಾಕೆ ಅಂತ ಗೊತ್ತಿರಬೇಕಾಗಿಲ್ಲ, ಯಾವಾಗ ಅಂತ ಗೊತ್ತಿದ್ದರೆ ಸಾಕು. ಮಾರುಕಿ 9, ನವೆಂಬರ್ 18. ಅಕೆಚಿ 8, ನವೆಂಬರ್ 24. ಕಸುಮಿ 5, ಡಿಸೆಂಬರ್ 18. ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಕೊನೆಯ ದಿನದವರೆಗೆ ಮಾತ್ರ ಕಾಯಬೇಡಿ. ನವೆಂಬರ್‌ನಲ್ಲಿ ಕಥೆಯೇ ಎಷ್ಟೋ ದಿನಗಳನ್ನು ತಾನೇ ಹಿಡಿದುಕೊಳ್ಳುತ್ತದೆ, ಓಡಾಡುವ ಸ್ವಾತಂತ್ರ್ಯ ನಿಮಗೆ ಸಿಗುವುದಿಲ್ಲ. ಅಕ್ಟೋಬರ್ ಮುಗಿಯುವಷ್ಟರಲ್ಲಿ ಮಾರುಕಿಯ ಕೆಲಸ ಆದಷ್ಟು ಮುಂದೆ ಹೋಗಿರಲಿ.

ಸೇವ್ ವಿಷಯದಲ್ಲಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಸೇವ್ ಮಾಡುವ ಅಭ್ಯಾಸ ಬಿಡಿ. ಪ್ರತಿ ತಿಂಗಳ ಮೊದಲ ದಿನ ಹೊಸ ಜಾಗದಲ್ಲಿ ಒಂದು ಸೇವ್ ಇಡಿ, ಅದನ್ನು ಮುಟ್ಟಬೇಡಿ. ಏನಾದರೂ ತಪ್ಪಿದ್ದು ಡಿಸೆಂಬರ್‌ನಲ್ಲಿ ತಿಳಿದರೆ ಅಕ್ಟೋಬರ್‌ಗೆ ಹೋಗಬಹುದು, ಏಪ್ರಿಲ್‌ಗೆ ಹೋಗಬೇಕಾಗಿಲ್ಲ. ಪ್ಲೇಸ್ಟೇಷನ್ 4ರಲ್ಲಿ ಇನ್ನೊಂದು ಅನುಕೂಲವೂ ಇತ್ತು. ಆ ದಿನ ಬೇರೆ ಆಟಗಾರರು ಏನು ಮಾಡಿದರು ಅಂತ ನೆಟ್ ಮೂಲಕ ತೋರಿಸುತ್ತಿತ್ತು. ನವೆಂಬರ್ ಮೊದಲ ವಾರಗಳಲ್ಲಿ ಅದನ್ನು ಗಮನಿಸಿದವರಿಗೆ ಜನ ಎತ್ತ ಓಡುತ್ತಿದ್ದಾರೆ ಅನ್ನುವ ಸುಳಿವು ಸಿಗುತ್ತಿತ್ತು.

ಈಗಾಗಲೇ ಕೈತಪ್ಪಿದವರಿಗೆ ನ್ಯೂ ಗೇಮ್ ಪ್ಲಸ್ ಇದೆ, ಅಂದರೆ ಮುಗಿಸಿದ ಮೇಲೆ ಗಳಿಸಿದ್ದನ್ನು ಇಟ್ಟುಕೊಂಡು ಮತ್ತೆ ಮೊದಲಿಂದ ಆಡುವ ಬಗೆ. ಅದರಲ್ಲಿ ನಿಮ್ಮ ಜ್ಞಾನ, ಆಕರ್ಷಣೆ, ಧೈರ್ಯ, ದುಡ್ಡು ಎಲ್ಲ ಹಿಂದಿನ ಆಟದಿಂದ ಹಾಗೇ ಬರುತ್ತವೆ. ಕೂಡಿಸಿದ ಪರ್ಸೋನಾಗಳ ದಾಖಲೆಯೂ ಬರುತ್ತದೆ, ಹಾಗಾಗಿ ಯಾರನ್ನು ನೋಡಲು ಹೋದರೂ ಅವರ ಆರ್ಕಾನಾದ ಪರ್ಸೋನಾವನ್ನು ದುಡ್ಡು ಕೊಟ್ಟು ಕರೆಸಿಕೊಂಡು ಜೇಬಿನಲ್ಲಿಟ್ಟುಕೊಂಡು ಹೋಗಬಹುದು. ಅಕೆಚಿಯ ಹತ್ತಿರ ಅಡ್ಡ ಬಂದಿದ್ದ ಮಟ್ಟದ ತೊಡಕು ಈ ಸಲ ಇರುವುದಿಲ್ಲ. ಓದಿಗೆ, ಸ್ನಾನದ ಮನೆಗೆ ಹೋಗುತ್ತಿದ್ದ ದಿನಗಳೆಲ್ಲ ಉಳಿಯುತ್ತವೆ. ನೋಡಿದ ದೃಶ್ಯಗಳನ್ನು ವೇಗವಾಗಿ ಓಡಿಸುವ ಬಟನ್ ಇದೆ, ಧಾರಾಳವಾಗಿ ಬಳಸಿ. ಸಮಯ ಸುಮಾರು ಅರ್ಧಕ್ಕಾದರೂ ಇಳಿಯುತ್ತದೆ.

ಮೂರನೇ ಸೆಮಿಸ್ಟರ್ ಒಳಗೆ ಹೋದ ಮೇಲೂ ಇನ್ನೊಂದು ಗಡಿ ಇದೆ, ಇದನ್ನು ಮರೆಯಬೇಡಿ. ಫೆಬ್ರವರಿ 2ರ ಒಳಗೆ ಟೋಕಿಯೋದ ಒದೈಬಾ ಅನ್ನುವ ಜಾಗದ ಅರಮನೆಯ ದಾರಿಯನ್ನು ಪೂರ್ತಿ ಮಾಡಿರಬೇಕು. ಆ ರಾತ್ರಿ ಲೆಬ್ಲಾಂಕ್‌ಗೆ ಮಾರುಕಿ ಬಂದು ಒಂದು ಮಾತು ಕೇಳುತ್ತಾರೆ. ನೋವಿಲ್ಲದ ಲೋಕವನ್ನು ಒಪ್ಪಿಕೊಂಡರೆ ಇನ್ನೊಂದು ಎಂಡಿಂಗ್, ಒಪ್ಪದಿದ್ದರೆ ಮರುದಿನ ಕೊನೆಯ ಯುದ್ಧ. ಒಪ್ಪಿಕೊಳ್ಳುವ ಎಂಡಿಂಗ್ ಕೂಡ ನೋಡಬೇಕಾದದ್ದೇ. ಹಾಗಾಗಿ ಅಂದು ಸಂಜೆಯೇ ಹೊಸ ಜಾಗದಲ್ಲಿ ಸೇವ್ ಮಾಡಿಟ್ಟುಕೊಂಡು, ಎರಡೂ ಉತ್ತರ ಕೊಟ್ಟು ನೋಡಿ.